ಕ್ಲಾರಾ ಮನೆಯ ದಾರಿ: ಲೈಪ್‌ಜಿಗ್‌ನಿಂದ ಬಾನ್‌ವರೆಗೆ ಆರು ದಿನ

ದಿನ 1: ಲೈಪ್‌ಜಿಗ್

ಮೈಸೂರಿನಲ್ಲಿ ಹೈಸ್ಕೂಲು ಓದುವಾಗ ನಾನು ಪಿಯಾನೊ ಕಲಿಯಲು ಹೋಗುತ್ತಿದ್ದೆ. ಟೀಚರ್ ಒಂದು ದಿನ ಒಂದೇ ಪುಟದ ಪಾಠ ಕೊಟ್ಟರು. ಹೆಸರು 'ಟ್ರಾಯ್ಮರೈ', ಅಂದರೆ ಕನಸು ಕಾಣುವುದು. ಜರ್ಮನಿಯ ಸಂಗೀತಕಾರ ರಾಬರ್ಟ್ ಶೂಮನ್ 1838ರಲ್ಲಿ ಬರೆದ ಹದಿಮೂರು ಪುಟ್ಟ ತುಣುಕುಗಳಲ್ಲಿ ಅದು ಏಳನೆಯದು. "ಜೋರಾಗಿ ನುಡಿಸಬೇಡ ಪುಟ್ಟಾ, ಎದುರಿಗೆ ಕೂತ ಒಬ್ಬರಿಗೆ ಕೇಳಿಸಿದರೆ ಸಾಕು" ಅಂದಿದ್ದರು. ಆ ಒಬ್ಬರು ಯಾರು ಅಂತ ನನಗೆ ತಿಳಿದಿದ್ದು ಎಷ್ಟೋ ವರ್ಷದ ಮೇಲೆ. ಮುಂದೆ ಅವನ ಹೆಂಡತಿಯಾದ ಕ್ಲಾರಾ ವೀಕ್ ಎಂಬ ಹುಡುಗಿ ಶೂಮನ್‌ಗೆ ಒಮ್ಮೆ, ನೀನು ಕೆಲವು ಸಲ ಮಗುವಿನ ತರಹ ಕಾಣುತ್ತೀಯ ಅಂತ ಬರೆದಿದ್ದಳಂತೆ. ಆ ಮಾತೇ ಮನಸ್ಸಿನಲ್ಲಿ ಉಳಿದು ಈ ತುಣುಕುಗಳು ಬಂದವು ಅಂತ ಅವನು ಅವಳಿಗೇ ಪತ್ರ ಬರೆದಿದ್ದಾನೆ. ಅದನ್ನು ಓದಿದ ದಿನದಿಂದ ಇವರಿದ್ದ ಮನೆಗಳನ್ನು ನೋಡಬೇಕು ಅನ್ನುವ ಆಸೆ ಇತ್ತು.

ಅಕ್ಕ ಡ್ಯುಸೆಲ್ಡಾರ್ಫ್‌ನಲ್ಲಿ ಕೆಲಸದಲ್ಲಿದ್ದಾಳೆ. ಮೇ ತಿಂಗಳಲ್ಲಿ ಐದು ದಿನ ರಜೆ ಹಾಕಿಸಿದೆ. ಸೋಮವಾರ ಮಧ್ಯಾಹ್ನ ಲೈಪ್‌ಜಿಗ್‌ನಲ್ಲಿ ಇಳಿದೆವು. ಸ್ಟೇಷನ್ನಿನ ಅಂಗಡಿಯಲ್ಲೇ ಅಕ್ಕ ಒಂದು ನೀಲಿ ರಟ್ಟಿನ ನೋಟ್‌ಬುಕ್ ತೆಗೆದುಕೊಂಡಳು. "ಖರ್ಚೆಲ್ಲ ಇದರಲ್ಲಿ ಬರೀತೀನಿ, ಕೊನೆಗೆ ಅರ್ಧ ಅರ್ಧ" ಅಂದಳು. ಮೊದಲ ಸಾಲಿನಲ್ಲಿ ಆ ನೋಟ್‌ಬುಕ್ಕಿನ ಬೆಲೆಯನ್ನೇ ಬರೆದಳು.

ಸೋಮವಾರ ಮ್ಯೂಸಿಯಂಗಳೆಲ್ಲ ಹೆಚ್ಚಾಗಿ ಮುಚ್ಚಿರುತ್ತವೆ, ಅದಕ್ಕೆ ಮೊದಲ ದಿನ ಬರೀ ನಡಿಗೆ. ಊರಿನ ಹಳೆಯ ಭಾಗ ಚಿಕ್ಕದು, ಒಂದು ಗಂಟೆಯಲ್ಲಿ ಸುತ್ತಬಹುದು. ಒಂದು ಓಣಿಯಲ್ಲಿ 'ಅರೇಬಿಯದ ಕಾಫಿ ಮರ' ಅನ್ನುವ ಹಳೇ ಕಾಫಿ ಮನೆಯಿದೆ. ಬಾಗಿಲ ಮೇಲೆ ಬಣ್ಣದ ಕಲ್ಲಿನ ಕೆತ್ತನೆ. ಮರದ ಕೆಳಗೆ ಪೇಟ ಸುತ್ತಿದ ತುರ್ಕಿಯವನೊಬ್ಬ ಆರಾಮಾಗಿ ಒರಗಿಕೊಂಡಿದ್ದಾನೆ, ರೆಕ್ಕೆಯ ಮಗುವಿಗೂ ಅವನಿಗೂ ನಡುವೆ ಒಂದು ಕಾಫಿ ಬಟ್ಟಲು. ಶೂಮನ್ ಮತ್ತು ಗೆಳೆಯರು ಸಂಜೆ ಇಲ್ಲೇ ಸೇರುತ್ತಿದ್ದರು. ಸುಮ್ನೆ ಹರಟೆಯಲ್ಲ. 1834ರಲ್ಲಿ ಅವರು ಶುರುಮಾಡಿದ ಸಂಗೀತ ಪತ್ರಿಕೆಯ ಬೇರು ಇದೇ ಮೇಜಿನ ಸುತ್ತ ಇತ್ತು. ಅದಕ್ಕೂ ಮೂರು ವರ್ಷ ಮೊದಲು, ಇನ್ನೂ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಪೋಲೆಂಡಿನ ಸಂಗೀತಕಾರ ಶೋಪಾನ್ ಬಗ್ಗೆ "ಮಹನೀಯರೇ, ಟೋಪಿ ತೆಗೆಯಿರಿ, ಇವನೊಬ್ಬ ಜೀನಿಯಸ್" ಅಂತ ಬರೆದವನು ಶೂಮನ್. ಇಬ್ಬರದೂ ಒಂದೇ ವಯಸ್ಸು, ಇಪ್ಪತ್ತೊಂದು. ಓರಗೆಯವನನ್ನು ಹೀಗೆ ಎತ್ತಿ ಹಿಡಿಯಲು ದೊಡ್ಡ ಮನಸ್ಸು ಬೇಕು.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಸಂಗೀತಕಾರ ಬಾಖ್ ಕೆಲಸ ಮಾಡಿದ ಥಾಮಸ್ ಚರ್ಚಿನ ಎದುರಿಗೆ, ಶೂಮನ್ ಕಾಲದ ಇನ್ನೊಬ್ಬ ಸಂಗೀತಕಾರ ಮೆಂಡೆಲ್ಸನ್ ಪ್ರತಿಮೆ ಇದೆ. ಬೆಂಚಿನ ಮೇಲೆ ಕೂತಿದ್ದ ಅಜ್ಜಿಯೊಬ್ಬರು, "ಇದು ಮೊದಲಿನದಲ್ಲ" ಅಂದರು. ಮೆಂಡೆಲ್ಸನ್ ಹುಟ್ಟಿನಿಂದ ಯಹೂದಿ ಅನ್ನುವ ಕಾರಣಕ್ಕೆ 1936ರಲ್ಲಿ ನಾತ್ಸಿಗಳು ಹಳೆಯ ಪ್ರತಿಮೆಯನ್ನು ತೆಗೆದುಹಾಕಿದರು. ಈಗಿರುವುದು 2008ರಲ್ಲಿ ಮತ್ತೆ ಮಾಡಿ ನಿಲ್ಲಿಸಿದ್ದು. "ನಮ್ಮಮ್ಮ ಹಳೇದನ್ನು ನೋಡಿದ್ದರು. ನನಗೆ ಇದು ಸಿಕ್ಕಿತು" ಅಂತ ಅಜ್ಜಿ ಕೈಚೀಲ ಎತ್ತಿಕೊಂಡು ಹೊರಟರು.

ಸಂಜೆ ಬೇಕರಿಯಲ್ಲಿ 'ಲೈಪ್‌ಜಿಗರ್ ಲೆರ್ಷೆ' ತಿಂದೆವು. ಲೆರ್ಷೆ ಅಂದರೆ ಬಾನಾಡಿ ಹಕ್ಕಿ. ಮೊದಲು ನಿಜಕ್ಕೂ ಹಕ್ಕಿಯನ್ನೇ ಹಿಡಿದು ಬೇಯಿಸುತ್ತಿದ್ದರಂತೆ. 1876ರಲ್ಲಿ ಆ ಬೇಟೆಯನ್ನು ನಿಲ್ಲಿಸಿದ ಮೇಲೆ ಬಾದಾಮಿ ಹೂರಣದ ಈ ತಿಂಡಿ ಬಂತು. ಹೊರಗೆ ಗರಿ, ಒಳಗೆ ಮೆತ್ತಗೆ. ಈಗ ಮಾಂಸವಿಲ್ಲ, ಆದರೆ ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ.

ದಿನ 2: ತ್ಸ್ವಿಕಾವ್

ಶೂಮನ್ ಹುಟ್ಟಿದ ಊರು ತ್ಸ್ವಿಕಾವ್, ಲೈಪ್‌ಜಿಗ್‌ನಿಂದ ದಕ್ಷಿಣಕ್ಕೆ. ಇಬ್ಬರಿಗಿಂತ ಜಾಸ್ತಿ ಜನ ಇದ್ದರೆ ಸ್ಯಾಕ್ಸನಿ ರಾಜ್ಯದ ಒಂದು ದಿನದ ಟಿಕೆಟ್ ಇನ್ನೂ ಅಗ್ಗ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಮಾತ್ರ ನಡೆಯುತ್ತದೆ, ಅದಕ್ಕೆ ನಿಧಾನವಾಗಿಯೇ ಹೊರಟೆವು. ರೈಲಿನ ಎರಡೂ ಕಡೆ ಹಳದಿ ಸಾಸಿವೆ ಜಾತಿಯ ಹೊಲಗಳು, ಕಣ್ಣು ಕೋರೈಸುವಷ್ಟು. ಮೋಡದ ದಿನವಾದರೂ ಡಬ್ಬಿಯೊಳಗೆಲ್ಲ ಬಿಸಿಲು ಬಿದ್ದ ಹಾಗಿತ್ತು.

ಮಾರುಕಟ್ಟೆ ಚೌಕದ ಮೂಲೆಯಲ್ಲಿ ಶೂಮನ್ ಮನೆ. ಹಳೆಯ ಕಟ್ಟಡ ಹೋಗಿ, ಅದೇ ಜಾಗದಲ್ಲಿ 1950ರ ದಶಕದಲ್ಲಿ ಕಟ್ಟಿದ್ದು ಇದು. 1810ರ ಜೂನ್ 8ರಂದು ರಾಬರ್ಟ್ ಹುಟ್ಟಿದ್ದು ಇಲ್ಲೇ. ಸಾವಿರಾರು ಹಸ್ತಪ್ರತಿಗಳು, ಪತ್ರಗಳು ಈ ಮನೆಯಲ್ಲಿವೆ.

ಪಿಯಾನೊಗಳನ್ನು ನೋಡಲು ಹೋದವಳು ನಾನು. ಹೊರಗೆ ಬರುವಾಗ ತಲೆಯಲ್ಲಿ ಇದ್ದದ್ದು ಪುಸ್ತಕಗಳು. ಅಪ್ಪ ಆಗಸ್ಟ್ ಶೂಮನ್ ಪುಸ್ತಕ ಮಾರುತ್ತಿದ್ದರು, ಅಚ್ಚು ಹಾಕಿಸುತ್ತಿದ್ದರು, ತಾವೇ ಅನುವಾದವನ್ನೂ ಮಾಡುತ್ತಿದ್ದರು. ಹುಡುಗ ಬೆಳೆದದ್ದು ಕಾಗದದ ವಾಸನೆಯಲ್ಲಿ. ಹದಿಹರೆಯದಲ್ಲಿ ಜಾನ್ ಪೌಲ್ ಅನ್ನುವ ಕಾದಂಬರಿಕಾರನ ಹುಚ್ಚು ಹಿಡಿಯಿತು. ಅವನ ಒಂದು ಕಾದಂಬರಿಯ ಕೊನೆಯಲ್ಲಿ ಮುಖವಾಡ ಹಾಕಿಕೊಂಡು ಕುಣಿಯುವ ಕೂಟವೊಂದು ಬರುತ್ತದೆ. ಶೂಮನ್ ತನ್ನ ಪ್ರತಿಯಲ್ಲಿ ಆ ಪುಟಗಳ ಸಾಲುಗಳಿಗೆ ಗುರುತು ಹಾಕಿ, ಯಾವ ಸಾಲಿಗೆ ತನ್ನ ಯಾವ ತುಣುಕು ಅಂತ ಸಂಖ್ಯೆ ಬರೆದಿದ್ದ. ಹಾಗೆ ಬಂದದ್ದು 'ಪಾಪಿಯೋಂ', ಚಿಟ್ಟೆಗಳು. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ ಹಿಡಿದು ಸಂಗೀತ ಹುಡುಕುವ ಹುಡುಗನನ್ನು ನೆನೆಸಿಕೊಳ್ಳಿ. ನಾನು ಆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಹೊರಗೆ ಚೌಕದಲ್ಲಿ ಮೊಸರಿನ ಗಿಣ್ಣು ಮತ್ತು ಆಲೂಗಡ್ಡೆ ಕಲಸಿ ಕರಿದ ಸಿಹಿ ಬಿಲ್ಲೆಗಳನ್ನು ಸೇಬಿನ ಗೊಜ್ಜಿನ ಜೊತೆ ತಿನ್ನುತ್ತಿದ್ದೆವು. ಪಕ್ಕದ ಮೇಜಿನ ಹಿರಿಯರು ಎಲ್ಲಿಂದ ಬಂದಿರಿ ಅಂತ ಕೇಳಿದರು. ಈ ಊರು ಟ್ರಾಬಾಂಟ್ ಕಾರಿನ ಊರೂ ಹೌದು. ಅವರು ಆ ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುತ್ತಿದ್ದರಂತೆ. ಅಕ್ಕ ಜರ್ಮನ್‌ನಲ್ಲಿ ನಾವು ಬಂದ ಕಾರಣ ಹೇಳಿದಳು. ಅವರು ಚಮಚ ಕೆಳಗಿಟ್ಟು ಮೇಜಿನ ಮೇಲೆ ಎಡಗೈ ಬೆರಳು ಆಡಿಸುತ್ತಾ 'ಖುಷಿಯ ರೈತ' ಗುನುಗಿದರು. ಶೂಮನ್ 1848ರಲ್ಲಿ ಮಕ್ಕಳಿಗಾಗಿ ಬರೆದದ್ದು. ರಾಗ ಇರುವುದು ಎಡಗೈಯಲ್ಲಿ. ಅದನ್ನು ಕಲಿತವರಿಗೆ ಮಾತ್ರ ಗೊತ್ತಿರುವ ವಿಷಯ ಅದು. ನಾನು ಬಲಗೈಯಲ್ಲಿ ತಾಳ ಸೇರಿಸಿದೆ. ಭಾಷೆ ಬರದೆ ಇಬ್ಬರೂ ಒಂದು ಇಡೀ ಸಾಲು ಮುಗಿಸಿದೆವು.

ದಿನ 3: ಮತ್ತೆ ಲೈಪ್‌ಜಿಗ್

ಬೆಳಿಗ್ಗೆ ಮೆಂಡೆಲ್ಸನ್ ಮನೆ. 1847ರ ನವೆಂಬರ್ 4ರಂದು, ಮೂವತ್ತೆಂಟನೇ ವಯಸ್ಸಿನಲ್ಲಿ, ಅವನು ತೀರಿಕೊಂಡದ್ದು ಈ ಮನೆಯಲ್ಲಿ. ಕೆಳಗಿನ ಒಂದು ಕೋಣೆಯಲ್ಲಿ ನಾವೇ ಕೋಲು ಹಿಡಿದು ವಾದ್ಯಮೇಳ ನಡೆಸುವ ವ್ಯವಸ್ಥೆ ಇದೆ. ಕೈ ನಿಧಾನ ಮಾಡಿದರೆ ಸಂಗೀತವೂ ನಿಧಾನ. ಅಕ್ಕ ಅಲ್ಲಿಂದ ಬರಲೊಲ್ಲಳು.

ಶೂಮನ್‌ಗೆ ಮೆಂಡೆಲ್ಸನ್ ಮೇಲೆ ಎಷ್ಟು ಅಭಿಮಾನ ಇತ್ತೆಂದರೆ, ವಿಯೆನ್ನಾಗೆ ಹೋದಾಗ ತೀರಿಹೋಗಿದ್ದ ಸಂಗೀತಕಾರ ಶೂಬರ್ಟ್‌ನ ಅಣ್ಣನ ಮನೆಯಲ್ಲಿ ಧೂಳು ತಿನ್ನುತ್ತಿದ್ದ ದೊಡ್ಡ ಸಿಂಫನಿಯೊಂದನ್ನು ಕಂಡು ಅದನ್ನು ತಲುಪಿಸಿದ್ದು ಇವನ ಕೈಗೇ. 1839ರ ಮಾರ್ಚ್‌ನಲ್ಲಿ ಮೆಂಡೆಲ್ಸನ್ ಅದನ್ನು ಇದೇ ಊರಿನಲ್ಲಿ ನುಡಿಸಿದ. ಶೂಬರ್ಟ್ ಸತ್ತು ಹತ್ತು ವರ್ಷ ಆಗಿತ್ತು. ಸತ್ತ ಗೆಳೆಯನಿಗೂ ಅಲ್ಲ, ಮುಖ ನೋಡದ ಒಬ್ಬನಿಗೆ ಇವರಿಬ್ಬರು ಮಾಡಿದ ಕೆಲಸ ಅದು.

ಮಧ್ಯಾಹ್ನದ ಮೇಲೆ ಇನ್ಸೆಲ್ ಸ್ಟ್ರಾಸೆಯ ಶೂಮನ್ ಮನೆ. ಮದುವೆಯಾದ ಮೇಲೆ ಗಂಡ ಹೆಂಡತಿ ಮೊದಲು ಸಂಸಾರ ಹೂಡಿದ ಜಾಗ, 1840ರಿಂದ 1844ರವರೆಗೆ. ಅದೇ ಕಟ್ಟಡದಲ್ಲಿ ಈಗ ಕ್ಲಾರಾ ಹೆಸರಿನ ಪ್ರಾಥಮಿಕ ಶಾಲೆ ಇದೆ. ಮೆಟ್ಟಿಲು ಹತ್ತುವಾಗ ಎಲ್ಲಿಂದಲೋ ಮಕ್ಕಳು ಓಡುವ ಸದ್ದು, ಯಾರೋ ಕೊಳಲಿನಲ್ಲಿ ಅದೇ ಮೂರು ಸ್ವರ ಮತ್ತೆ ಮತ್ತೆ ಊದುವ ಸದ್ದು. ಇಲ್ಲೇ ಇವರ ಮೊದಲ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ್ದು. ಆ ಗಲಾಟೆ ಈ ಮನೆಗೆ ಒಪ್ಪುತ್ತದೆ.

ಆ ಮದುವೆ ಸುಲಭಕ್ಕೆ ಆಗಲಿಲ್ಲ. ಕ್ಲಾರಾಳ ಅಪ್ಪ ಫ್ರೀಡ್ರಿಖ್ ವೀಕ್ ರಾಬರ್ಟ್‌ನ ಗುರು. ಮಗಳನ್ನು ಒಂಬತ್ತನೇ ವಯಸ್ಸಿಗೇ ವೇದಿಕೆ ಹತ್ತಿಸಿದವರು. ಕೈಲಿ ಕಾಸಿಲ್ಲದ, ಬೆರಳು ಕೆಡಿಸಿಕೊಂಡ ಶಿಷ್ಯನಿಗೆ ಮಗಳನ್ನು ಕೊಡಲು ಒಪ್ಪಲಿಲ್ಲ. ಕೊನೆಗೆ ಇಬ್ಬರೂ ಕೋರ್ಟಿಗೆ ಹೋಗಿ ಅನುಮತಿ ಪಡೆದರು. ಕಾಯುತ್ತಿದ್ದ ಆ 1840ನೇ ವರ್ಷ ರಾಬರ್ಟ್ ನೂರಕ್ಕೂ ಹೆಚ್ಚು ಹಾಡು ಕಟ್ಟಿದ. ಕವಿಗಳ ಕವಿತೆಗೆ ರಾಗ ಹಾಕುವುದು, ನಮ್ಮ ಭಾವಗೀತೆಯ ಹಾಗೇ. ಹೈನೆ, ರ್‍ಯೂಕರ್ಟ್, ಐಖೆಂಡಾರ್ಫ್, ಶಾಮಿಸ್ಸೊ. ತನಗೆ ಹೇಳಲು ಬಾರದ್ದನ್ನೆಲ್ಲ ಕವಿಗಳ ಬಾಯಲ್ಲಿ ಹೇಳಿಸಿದ. ಮದುವೆಗೆ ಕ್ಲಾರಾಗೆ ಕೊಟ್ಟ ಉಡುಗೊರೆ ಇಪ್ಪತ್ತಾರು ಹಾಡುಗಳ ಒಂದು ಪುಸ್ತಕ.

ಮದುವೆಯ ಮರುದಿನದಿಂದ ಇಬ್ಬರೂ ಸೇರಿ ಒಂದು ದಿನಚರಿ ಬರೆದರು. ಒಂದು ವಾರ ಅವನು, ಒಂದು ವಾರ ಅವಳು, ಆಮೇಲೆ ಬದಲಾಯಿಸಿಕೊಂಡು ಓದುವುದು. ಕ್ಲಾರಾಳ ಪುಟಗಳಲ್ಲಿ ಒಂದು ನೋವು ಪದೇ ಪದೇ ಬರುತ್ತದೆ. ಅವನು ಸಂಗೀತ ಬರೆಯುವಾಗ ಇವಳು ಪಿಯಾನೊ ಮುಟ್ಟುವಂತಿಲ್ಲ, ಸಾಧನೆ ಹಿಂದೆ ಬೀಳುತ್ತಿದೆ. ಯೂರೋಪಿನ ದೊಡ್ಡ ಪಿಯಾನೊ ಕಲಾವಿದೆಯರಲ್ಲಿ ಒಬ್ಬಳು, ತನ್ನ ಮನೆಯಲ್ಲೇ ವಾದ್ಯದ ಮುಂದೆ ಸುಮ್ಮನಿರಬೇಕು. ಇದನ್ನು ಓದಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಪ್ರೀತಿ ಇತ್ತು, ನಿಜ. ಅದರ ಬೆಲೆ ಇಬ್ಬರೂ ಸಮವಾಗಿ ಕೊಡಲಿಲ್ಲ. ಆದರೂ 1841ರಲ್ಲಿ ರ್‍ಯೂಕರ್ಟ್‌ನ ಕವಿತೆಗಳ ಒಂದು ಸಂಪುಟ ಇಬ್ಬರ ಹೆಸರಿನಲ್ಲೂ ಬಂತು. ಹನ್ನೆರಡು ಹಾಡು, ಮೂರು ಅವಳದು. ಯಾವುದು ಯಾರದು ಅಂತ ಅದರಲ್ಲಿ ಹಾಕಿರಲಿಲ್ಲ.

ಸಂಜೆ ಅವರು ಮದುವೆಯಾದ ಶೋನೆಫೆಲ್ಡ್ ಚರ್ಚಿಗೆ ಟ್ರಾಮ್‌ನಲ್ಲಿ ಹೋದೆವು. 1840ರ ಸೆಪ್ಟೆಂಬರ್ 12, ಕ್ಲಾರಾಗೆ ಇಪ್ಪತ್ತೊಂದು ತುಂಬುವ ಹಿಂದಿನ ದಿನ. ಟ್ರಾಮ್ ಇಳಿದ ಕೂಡಲೇ ಮಳೆ ಹೊಯ್ಯಿತು. ಛತ್ರಿ ಹೋಟೆಲಿನಲ್ಲೇ ಉಳಿದಿತ್ತು. ಚರ್ಚಿನ ಬಾಗಿಲಿಗೆ ಬೀಗ. ಚೆಸ್ಟ್‌ನಟ್ ಮರದ ಕೆಳಗೆ ನಿಂತೆವು. ಅದರ ಬಿಳಿ ಹೂವಿನ ಗೊಂಚಲುಗಳಿಂದ ನೀರು ತಲೆ ಮೇಲೆ ತೊಟ್ಟಿಕ್ಕುತ್ತಿತ್ತು. ನಾಯಿ ಕರೆದುಕೊಂಡು ಬಂದ ಹೆಂಗಸೊಬ್ಬರು ನಮ್ಮನ್ನು ನೋಡಿ ನಿಂತರು. ಒಳಗೆ ಹೋಗಬೇಕಾದರೆ ಪ್ರಾರ್ಥನೆಯ ಹೊತ್ತಿಗೋ ಸಂಗೀತ ಕಛೇರಿ ಇರುವ ದಿನವೋ ಬರಬೇಕು ಅಂದರು. ಆಮೇಲೆ, "ನನ್ನ ಮದುವೆಯೂ ಇಲ್ಲೇ ಆಗಿದ್ದು. ಅವತ್ತೂ ಹೀಗೇ ಮಳೆ" ಅಂತ ನಕ್ಕು, ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಅಕ್ಕನ ಕೈಗೆ ಕೊಟ್ಟರು. ಅಕ್ಕ ಅದನ್ನು ನೀಲಿ ನೋಟ್‌ಬುಕ್ಕಿಗೆ ಸುತ್ತಿದಳು.

ದಿನ 4: ಡ್ಯುಸೆಲ್ಡಾರ್ಫ್‌ಗೆ

ಇಡೀ ದಿನ ರೈಲು. ನಡುವೆ ಒಂದು ಕಡೆ ಗಾಡಿ ಎರಡು ಗಂಟೆ ನಿಂತುಬಿಟ್ಟಿತು, ಕನೆಕ್ಷನ್ ತಪ್ಪಿತು. ಚಪಾತಿಗೆ ಚಟ್ನಿಪುಡಿ ಹಚ್ಚಿ ತಂದಿದ್ದು ಒಳ್ಳೆಯದಾಯಿತು. ಕೂತ ಕಡೆಯೇ ಅಕ್ಕ ಲೆಕ್ಕ ಬರೆಯುತ್ತಿದ್ದಳು. ನಾನು ಅವಳಿಗೆ ಶೂಮನ್ ಮನೆಯ ಲೆಕ್ಕದ ಪುಸ್ತಕದ ಕಥೆ ಹೇಳಿದೆ. ರಾಬರ್ಟ್ ವರ್ಷಗಟ್ಟಲೆ ಮನೆಖರ್ಚನ್ನು ಪೈಸೆ ಪೈಸೆ ಬರೆದಿಟ್ಟ. ಆ ಖರ್ಚಿನ ಪಕ್ಕದಲ್ಲೇ, ಇವತ್ತು ಇಂಥ ಕೃತಿ ಮುಗಿಯಿತು, ಇಂಥವರು ಬಂದರು ಅಂತ ಒಂದೊಂದು ಸಾಲು. 1853ರ ಅಕ್ಟೋಬರ್ 1ರ ಸಾಲು, ಆಗಿನ್ನೂ ಹೆಸರು ಮಾಡದ ಒಬ್ಬ ಯುವ ಸಂಗೀತಕಾರನ ಬಗ್ಗೆ: "ಬ್ರಾಮ್ಸ್ ಬಂದಿದ್ದ, ಒಬ್ಬ ಜೀನಿಯಸ್."

"ಎರಡೇ ಮಾತಾ?" ಅಂದಳು ಅಕ್ಕ.

"ಎರಡೇ."

ಡ್ಯುಸೆಲ್ಡಾರ್ಫ್ ತಲುಪಿದಾಗ ಕತ್ತಲಾಗಿತ್ತು. ಬೋಲ್ಕರ್ ಸ್ಟ್ರಾಸೆಗೆ ಹೋಗಿ ಆಲೂಗಡ್ಡೆ ತುರಿದು ಕರಿದ ದೋಸೆಯಂಥದ್ದು ತಿಂದೆವು. ಈ ರಸ್ತೆಯ ತುಂಬ ಬಿಯರ್ ಅಂಗಡಿಗಳು. ನಡುವೆ 53ನೇ ನಂಬರಿನ ಮನೆಯ ಜಾಗದಲ್ಲಿ ಕವಿ ಹೈನೆ 1797ರಲ್ಲಿ ಹುಟ್ಟಿದ್ದು. ಶೂಮನ್ ಹದಿನೇಳರ ಹುಡುಗನಾಗಿದ್ದಾಗ ಮ್ಯೂನಿಕ್‌ನಲ್ಲಿ ಅವನನ್ನು ಒಮ್ಮೆ ಭೇಟಿಯಾಗಿದ್ದ. ಹನ್ನೆರಡು ವರ್ಷದ ಮೇಲೆ ಅವನ ಕವಿತೆಗಳಿಂದ ಹದಿನಾರು ಹಾಡಿನ 'ಕವಿಯ ಪ್ರೇಮ' ಮಾಡಿದ. ಮೊದಲ ಹಾಡು ಮೇ ತಿಂಗಳ ಬಗ್ಗೆ. ಮೊಗ್ಗೆಲ್ಲ ಅರಳುವಾಗ ನನ್ನೆದೆಯಲ್ಲೂ ಪ್ರೀತಿ ಮೂಡಿತು ಅನ್ನುತ್ತದೆ ಕವಿತೆ. ಆದರೆ ಪಿಯಾನೊ ಬೇರೇನೋ ಹೇಳುತ್ತದೆ. ಹಾಡು ಮುಗಿದರೂ ಷಡ್ಜಕ್ಕೆ ಬಂದು ನಿಲ್ಲುವುದೇ ಇಲ್ಲ, ಮೆಟ್ಟಿಲ ಮೇಲೆ ಎತ್ತಿದ ಕಾಲು ಹಾಗೇ ಉಳಿದ ಹಾಗೆ. ಈ ಪ್ರೀತಿ ಕೈಗೂಡುವುದಿಲ್ಲ ಅಂತ ಕೇಳುವವರಿಗೆ ಆಗಲೇ ತಿಳಿಯುತ್ತದೆ. ಕವಿತೆಯನ್ನು ಇಷ್ಟು ಚೆನ್ನಾಗಿ ಓದಿದವರು ಕಡಿಮೆ.

ದಿನ 5: ಬಿಲ್ಕರ್ ಸ್ಟ್ರಾಸೆ

ಹೈನೆ ಹೆಸರಿನ ಸಂಸ್ಥೆ ಮತ್ತು ಶೂಮನ್ ಕೊನೆಯದಾಗಿ ಸಂಸಾರ ಮಾಡಿದ ಮನೆ ಎರಡೂ ಒಂದೇ ಬೀದಿಯಲ್ಲಿವೆ. ಇಬ್ಬರೂ ತೀರಿಕೊಂಡಿದ್ದು ಒಂದೇ ವರ್ಷ, 1856. ಈಗ ಶೂಮನ್ ಕಾಗದಪತ್ರಗಳ ದೊಡ್ಡ ಸಂಗ್ರಹವೊಂದು ಹೈನೆ ಸಂಸ್ಥೆಯಲ್ಲೇ ಇದೆ.

ಮನೆ ನಂಬರ್ 15. ಬೂದು ಬಣ್ಣದ ಆಕಾಶ, ಕಲ್ಲು ಹಾಸಿದ ಬೀದಿ. 1853ರ ಸೆಪ್ಟೆಂಬರ್ ಕೊನೆಯಲ್ಲಿ ಹ್ಯಾಂಬರ್ಗ್‌ನ ಇಪ್ಪತ್ತು ವರ್ಷದ ಯೊಹಾನೆಸ್ ಬ್ರಾಮ್ಸ್ ಇಲ್ಲಿ ಬಾಗಿಲು ತಟ್ಟಿದ. ರೈನ್ ನದಿಯ ದಡದಲ್ಲಿ ನಡೆದುಕೊಂಡು ಊರೂರು ಸುತ್ತಿ ಬಂದಿದ್ದ. ಪಿಟೀಲು ವಿದ್ವಾಂಸ ಯೋಆಕಿಮ್ ಅವನನ್ನು ಇಲ್ಲಿಗೆ ಹೋಗು ಅಂತ ಒತ್ತಾಯಿಸಿದ್ದ. ಬಾಗಿಲು ತೆಗೆದ ಹಿರಿಯ ಮಗಳು ಮಾರಿ, ಅಪ್ಪ ಅಮ್ಮ ಇಲ್ಲ, ನಾಳೆ ಬನ್ನಿ ಅಂದಳು. ಮರುದಿನ ಅವನು ನುಡಿಸಲು ಶುರುಮಾಡಿದ. ಸ್ವಲ್ಪದರಲ್ಲೇ ರಾಬರ್ಟ್ ಅವನನ್ನು ನಿಲ್ಲಿಸಿದ. ಇದನ್ನು ಕ್ಲಾರಾ ಕೇಳಬೇಕು ಅಂತ ಎದ್ದು ಹೋಗಿ ಹೆಂಡತಿಯನ್ನು ಕರೆದು ತಂದ. ಅಕ್ಟೋಬರ್ ಕೊನೆಯಲ್ಲಿ ತನ್ನ ಹಳೆಯ ಪತ್ರಿಕೆಯಲ್ಲಿ ಈ ಹುಡುಗನ ಬಗ್ಗೆ ಬರೆದ. ಇಪ್ಪತ್ತೆರಡು ವರ್ಷದ ಹಿಂದೆ ಶೋಪಾನ್‌ಗೆ ಟೋಪಿ ತೆಗೆದ ಅದೇ ಕೈ.

ಅದೇ ತಿಂಗಳು ಗೆಳೆಯರು ಯೋಆಕಿಮ್‌ಗೆ ಒಂದು ಉಡುಗೊರೆ ಮಾಡಿದರು. ಪಿಟೀಲು ಮತ್ತು ಪಿಯಾನೊಗೆ ನಾಲ್ಕು ಭಾಗದ ಒಂದು ಸೊನಾಟಾ, ಮೊದಲ ಭಾಗ ಶೂಮನ್ ಶಿಷ್ಯ ಡೀಟ್ರಿಖ್, ಮೂರನೆಯದು ಬ್ರಾಮ್ಸ್, ಉಳಿದೆರಡು ಶೂಮನ್. ಯೋಆಕಿಮ್ ತನ್ನ ಬಗ್ಗೆ 'ಸ್ವತಂತ್ರ, ಆದರೆ ಒಂಟಿ' ಅಂತ ಹೇಳಿಕೊಳ್ಳುತ್ತಿದ್ದ. ಆ ಮೂರು ಜರ್ಮನ್ ಪದಗಳ ಮೊದಲಕ್ಷರ ಎಫ್, ಎ, ಇ. ಪಶ್ಚಿಮದ ಸಂಗೀತದಲ್ಲಿ ಇವು ಸ್ವರಗಳ ಹೆಸರೂ ಹೌದು. ಆ ಮೂರು ಸ್ವರಗಳ ಮೇಲೇ ಸೊನಾಟಾ ಕಟ್ಟಿದರು. ಕ್ಲಾರಾ ಪಿಯಾನೊ ಮುಂದೆ ಕೂತಳು. ಯೋಆಕಿಮ್ ನುಡಿಸಿ, ಯಾವ ಭಾಗ ಯಾರದು ಅಂತ ಹೇಳಿಬಿಟ್ಟ. ಒಂಟಿ ಅಂದವನಿಗೆ ನಾಲ್ಕು ಜನ ಸೇರಿ ಕೊಟ್ಟ ಉತ್ತರ ಇದು, ಅಲ್ವಾ?

ಆಮೇಲೆ ನದಿಗೆ ಹೋದೆವು. 1854ರ ಫೆಬ್ರವರಿ 27, ಕಾರ್ನಿವಲ್ ಸೋಮವಾರ. ಊರೆಲ್ಲ ವೇಷ ಹಾಕಿಕೊಂಡು ಕುಣಿಯುತ್ತಿತ್ತು. ಎಷ್ಟೋ ದಿನಗಳಿಂದ ಕಿವಿಯಲ್ಲಿ ಸ್ವರಗಳು ನಿಲ್ಲದೆ ಮೊರೆಯುತ್ತಿದ್ದ ಶೂಮನ್ ಮಳೆಯಲ್ಲಿ ಮನೆಯ ಗೌನ್‌ನಲ್ಲೇ ಹೊರಗೆ ಬಂದ. ಸೇತುವೆಯ ಸುಂಕಕ್ಕೆ ಕೈಯಲ್ಲಿ ಕಾಸಿಲ್ಲದೆ ತನ್ನ ಕರವಸ್ತ್ರ ಕೊಟ್ಟನಂತೆ. ಅಲ್ಲಿಂದ ರೈನ್ ನದಿಗೆ ಹಾರಿದ. ದೋಣಿಯವರು ಎಳೆದುಕೊಂಡರು. ದೋಣಿಗಳನ್ನು ಜೋಡಿಸಿ ಕಟ್ಟಿದ್ದ ಆ ಸೇತುವೆ ಈಗಿಲ್ಲ. ನಾವು ನಿಂತಲ್ಲಿ ಗಾಳಿ ಜೋರಾಗಿತ್ತು, ಮರಳು ತುಂಬಿದ ಉದ್ದನೆಯ ದೋಣಿಯೊಂದು ನೀರಿಗೆ ಎದುರಾಗಿ ನಿಧಾನವಾಗಿ ಹೋಗುತ್ತಿತ್ತು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಇಬ್ಬರೂ ಮಾತಾಡಲಿಲ್ಲ.

ಮಾರ್ಚ್‌ನಲ್ಲಿ ರಾಬರ್ಟ್‌ನನ್ನು ಬಾನ್ ಹತ್ತಿರದ ಎಂಡೆನಿಶ್ ಆಸ್ಪತ್ರೆಗೆ ಸೇರಿಸಿದರು. ಕ್ಲಾರಾ ಬಸುರಿ. ಸುದ್ದಿ ತಿಳಿದು ಬ್ರಾಮ್ಸ್ ಓಡಿ ಬಂದ. ಅವಳು ಹೊಟ್ಟೆಪಾಡಿಗೆ ಊರೂರಿಗೆ ಕಛೇರಿಗೆ ಹೋದಾಗ ಮಕ್ಕಳನ್ನು ನೋಡಿಕೊಂಡ, ಮನೆಯ ಲೆಕ್ಕದ ಪುಸ್ತಕವನ್ನು ತಾನು ಮುಂದುವರಿಸಿದ. ಅವರಿಬ್ಬರ ನಡುವೆ ಏನಿತ್ತು ಅಂತ ಜನ ಇವತ್ತಿಗೂ ಕೇಳುತ್ತಾರೆ. ತಮ್ಮ ಪತ್ರಗಳಲ್ಲಿ ಎಷ್ಟನ್ನೋ ಅವರೇ ನಾಶ ಮಾಡಿದರು. ಅವನಿಗೆ ಅವಳ ಮೇಲೆ ಪ್ರೀತಿ ಇತ್ತು, ಉಳಿದ ಪತ್ರಗಳೇ ಹೇಳುತ್ತವೆ. ನನಗೆ ಅದಕ್ಕಿಂತ ಆ ಲೆಕ್ಕದ ಪುಸ್ತಕ ದೊಡ್ಡದು. ಇಪ್ಪತ್ತೊಂದರ ಹುಡುಗ, ದೊಡ್ಡ ದೊಡ್ಡ ಊರುಗಳು ಕರೆಯುವ ಹೊತ್ತಿನಲ್ಲಿ, ಗೆಳೆಯನ ಮನೆಯ ಖರ್ಚು ಬರೆಯುತ್ತಾ ಕೂತಿದ್ದ.

ರಾತ್ರಿ ಅಕ್ಕ ಚಿತ್ರಾನ್ನ ಕಲಸಿದಳು. ಮರುದಿನ ಅವಳಿಗೆ ಆಫೀಸಿನಿಂದ ಕರೆ ಬಂದಿತ್ತು. ನೀಲಿ ನೋಟ್‌ಬುಕ್ ನನ್ನ ಮುಂದೆ ಇಟ್ಟಳು. "ನಾಳೆದು ನೀನೇ ಬರಿ ಕಣೇ."

ದಿನ 6: ಬಾನ್

ಕೊಲೋನ್ ದಾಟಿ ಬಾನ್‌ಗೆ ಹೋದೆ. ಎಂಡೆನಿಶ್‌ಗೆ ಬಸ್ಸು ಹತ್ತುವಾಗ ಎದುರು ದಿಕ್ಕಿನದು ಹತ್ತಿಬಿಟ್ಟೆ. ಡ್ರೈವರ್ ಹೇಳಿದ ಮೇಲೆ ಇಳಿದು ಅರ್ಧ ಗಂಟೆ ಕಾದೆ. ಬಸ್ಸಿನ ನಂಬರ್ ಸರಿ ಇದ್ದರೆ ಸಾಲದು, ಹಣೆಯ ಮೇಲಿನ ಕೊನೆಯ ನಿಲ್ದಾಣದ ಹೆಸರನ್ನೂ ಓದಬೇಕು.

ಆಸ್ಪತ್ರೆಯಾಗಿದ್ದ ಮನೆ ಈಗ ಊರಿನ ಸಂಗೀತ ಗ್ರಂಥಾಲಯ. ಕೆಳಗೆ ಕಪಾಟಿನ ತುಂಬ ಸ್ವರಲಿಪಿ ಪುಸ್ತಕಗಳು, ಮೇಲೆ ಅವನ ನೆನಪಿಗೆ ಬಿಟ್ಟ ಕೋಣೆಗಳು. ವೈದ್ಯರು ಎರಡು ವರ್ಷ ಕ್ಲಾರಾಳನ್ನು ಒಳಗೆ ಬಿಡಲಿಲ್ಲ. ಬ್ರಾಮ್ಸ್, ಯೋಆಕಿಮ್ ಬಂದು ನೋಡಿ ಅವಳಿಗೆ ಸುದ್ದಿ ಒಯ್ಯುತ್ತಿದ್ದರು. 1856ರ ಜುಲೈ 27ರಂದು ಅವಳನ್ನು ಕೊನೆಗೂ ಬಿಟ್ಟರು. ಅವನು ಗುರುತು ಹಿಡಿದು ತೋಳು ಎತ್ತಲು ನೋಡಿದ. ಅವಳ ಬೆರಳಿನಿಂದ ವೈನ್ ಚೀಪಿದ. ಎರಡು ದಿನದ ಮೇಲೆ, ಕ್ಲಾರಾ ಮತ್ತು ಬ್ರಾಮ್ಸ್ ಯೋಆಕಿಮ್‌ನನ್ನು ಕರೆತರಲು ಸ್ಟೇಷನ್ನಿಗೆ ಹೋಗಿದ್ದಾಗ, ಒಬ್ಬನೇ ಇದ್ದ ಹೊತ್ತಿನಲ್ಲಿ ಪ್ರಾಣ ಹೋಯಿತು. ನಾನು ಆ ಕಿಟಕಿಯ ಹತ್ತಿರ ನಿಂತಾಗ ಕೆಳಗಿನಿಂದ ಒಬ್ಬ ಹುಡುಗಿ ಸ್ವರಲಿಪಿ ಪುಸ್ತಕ ಎರವಲು ಪಡೆದು ಸೈಕಲ್ಲಿನ ಬುಟ್ಟಿಗೆ ಹಾಕಿಕೊಂಡು ಹೋದಳು.

ಹಳೇ ಸ್ಮಶಾನ ಸ್ಟೇಷನ್ನಿನಿಂದ ನಡೆಯುವಷ್ಟು ದೂರ. ದೊಡ್ಡ ಮರಗಳು, ತಣ್ಣನೆಯ ನೆರಳು. ಬೆಥೋವನ್‌ನ ತಾಯಿಯೂ ಇಲ್ಲೇ ಇದ್ದಾರೆ. ಶೂಮನ್ ಸಮಾಧಿಯ ಬಿಳಿ ಸ್ಮಾರಕವನ್ನು 1880ರಲ್ಲಿ ನಿಲ್ಲಿಸಿದರು. ಅವತ್ತೂ ಬ್ರಾಮ್ಸ್, ಯೋಆಕಿಮ್ ಇಬ್ಬರೂ ಬಂದು ನುಡಿಸಿದರು. ಮೇಲೆ ರಾಬರ್ಟ್‌ನ ಮುಖ, ಕೆಳಗೆ ಕೂತು ತಲೆ ಎತ್ತಿ ಅವನನ್ನೇ ನೋಡುವ ಹೆಂಗಸಿಗೆ ಕ್ಲಾರಾಳ ಮುಖ.

ಅವಳು 1896ರ ಮೇ 20ರಂದು ಫ್ರಾಂಕ್‌ಫರ್ಟ್‌ನಲ್ಲಿ ತೀರಿಕೊಂಡಳು. ಆಸ್ಟ್ರಿಯದಲ್ಲಿದ್ದ ಬ್ರಾಮ್ಸ್‌ಗೆ ಅರವತ್ಮೂರು ವರ್ಷ, ಮೈಯಲ್ಲಿ ಹುಷಾರಿಲ್ಲ. ತಂತಿ ತಲುಪಿದ್ದು ತಡವಾಗಿ. ದಾರಿಯಲ್ಲಿ ರೈಲು ಬದಲಿಸುವಾಗ ತಪ್ಪಾಗಿ ಫ್ರಾಂಕ್‌ಫರ್ಟ್‌ನ ಪ್ರಾರ್ಥನೆ ತಪ್ಪಿತು. ಒಂದೂವರೆ ದಿನಕ್ಕಿಂತ ಜಾಸ್ತಿ ಪ್ರಯಾಣ ಮಾಡಿ, ಮಣ್ಣು ಮಾಡುವ ಹೊತ್ತಿಗೆ ಇಲ್ಲಿಗೆ, ಬಾನ್‌ಗೆ ಬಂದು ಸೇರಿದ. ಮುಂದಿನ ಏಪ್ರಿಲ್‌ನಲ್ಲಿ ಅವನೂ ಹೋದ.

ಗೇಟಿನ ಹೊರಗೆ ಹೂವಿನ ಅಂಗಡಿಯಲ್ಲಿ ಕಣಿವೆ ಲಿಲ್ಲಿಯ ಚಿಕ್ಕ ಕಟ್ಟು ತೆಗೆದುಕೊಂಡಿದ್ದೆ. ಅದನ್ನು ಕ್ಲಾರಾಳ ಕಡೆ ಇಟ್ಟೆ. ಬೆಂಚಿನ ಮೇಲೆ ಕೂತು ನೋಟ್‌ಬುಕ್ ತೆರೆದೆ. ಅಕ್ಕನ ಗುಂಡು ಅಕ್ಷರದ ಕೆಳಗೆ ನನ್ನ ಅಕ್ಷರದಲ್ಲಿ ಬರೆದೆ: ರೈಲು, ಬಸ್ಸು ಎರಡು ಸಲ, ಕಾಫಿ, ಹೂವು 6 ಯೂರೊ.